ಲೆಕ್ಕದೊಳಗಿನ ಬೆಳಕು

ಬೆಳಕು ನೇರವಾದ ಗೆರೆಯಲ್ಲಿ ಹರಿಯುವುದೆಂಬ ಪಾಠದಿಂದಲೇ ನಮ್ಮೆಲ್ಲರ ಬೆಳಕಿನ ಅಭ್ಯಾಸ ಮೊದಲಾಗುವುದು. ಕಾಗದದ ಮೇಲೆ ಒಂದು ಗೆರೆಯನ್ನೆಳೆದು, ಅದಕ್ಕೊಂದು ಬಾಣದ ಗುರುತನ್ನು ಹಾಕಿ, ಅದನ್ನು ಕಿರಣವೆಂದು ಕರೆಯುತ್ತೇವೆ. ಆ ಕಿರಣವು ಕನ್ನಡಿಗೆ ತಾಗಿದರೆ ಬಂದಷ್ಟೇ ಕೋನದಲ್ಲಿ ಹಿಂದಿರುಗುವುದು. ಗಾಜನ್ನು ಓರೆಯಾಗಿ ಹೊಕ್ಕರೆ ಬಾಗುವುದು. ಈ ಎರಡು ನಿಯಮಗಳ ಬಂಡವಾಳದಿಂದಲೇ ಮನುಷ್ಯನು ಕನ್ನಡಕವನ್ನೂ ದೂರದರ್ಶಕವನ್ನೂ ಸೂಕ್ಷ್ಮದರ್ಶಕವನ್ನೂ ತಿದ್ದಿ ತೀಡಿ ಉತ್ತಮಪಡಿಸಿದನು. ಆದುದರಿಂದ ಗೆರೆಯ ಲೆಕ್ಕವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅದಕ್ಕೊಂದು ಮೇರೆಯುಂಟು. ಬೆಳಕು ಹಾದುಹೋಗುವ ವಸ್ತುವು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡದಾಗಿರುವವರೆಗೆ ಮಾತ್ರ ಆ ಲೆಕ್ಕ ನಮ್ಮ ಕೈ ಹಿಡಿಯುವುದು.

ಈ ಮೇರೆಯನ್ನು ದಾಟಿದ ಉಪಕರಣಗಳು ಈಗ ಸಾಮಾನ್ಯವಾಗಿವೆ. ದತ್ತಾಂಶ ಕೇಂದ್ರಗಳಲ್ಲಿ ಗಣಕಯಂತ್ರಗಳ ನಡುವೆ ಸುದ್ದಿಯನ್ನು ಸಾಗಿಸಲು ಬಳಸುವ ಸಿಲಿಕಾನ್ ಬಿಲ್ಲೆಗಳನ್ನೇ ತೆಗೆದುಕೊಳ್ಳೋಣ. ಅಂಥ ಬಿಲ್ಲೆಯ ಮೇಲೆ ಸುಮಾರು ೪೫೦ ನ್ಯಾನೊಮೀಟರ್ ಅಗಲ ಮತ್ತು ೨೨೦ ನ್ಯಾನೊಮೀಟರ್ ಎತ್ತರದ ಸಿಲಿಕಾನಿನ ಪಟ್ಟಿಗಳಿರುತ್ತವೆ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ನಮ್ಮ ತಲೆಗೂದಲಿನ ಅಗಲದಲ್ಲಿ ಇಂಥ ನೂರಕ್ಕೂ ಮಿಕ್ಕಿದ ಪಟ್ಟಿಗಳನ್ನು ಒತ್ತೊತ್ತಾಗಿ ಮಲಗಿಸಬಹುದು. ಇವುಗಳೊಳಗೆ ಹರಿಯುವ ಬೆಳಕು ಕಣ್ಣಿಗೆ ಕಾಣದ, ಕೆಂಪಿನ ಆಚೆಗಿನ ಬೆಳಕು. ಬಯಲಿನಲ್ಲಿ ಅದರ ತರಂಗದ ಉದ್ದ ೧೫೫೦ ನ್ಯಾನೊಮೀಟರ್. ಸಿಲಿಕಾನಿನ ವಕ್ರೀಭವನಾಂಕ ಸುಮಾರು ೩.೪೮ ಆಗಿರುವುದರಿಂದ, ಅದರೊಳಗೆ ಆ ತರಂಗದ ಉದ್ದ ಸುಮಾರು ೪೪೫ ನ್ಯಾನೊಮೀಟರಿಗೆ ಇಳಿಯುವುದು. ಪಟ್ಟಿಯ ಅಗಲವೂ ಅಷ್ಟೇ, ತರಂಗದ ಉದ್ದವೂ ಅಷ್ಟೇ! ಇಲ್ಲಿ ಕಿರಣವೆಂಬ ಗೆರೆಯನ್ನು ಎಲ್ಲಿ ಎಳೆಯೋಣ?

ಈ ಪಟ್ಟಿಯನ್ನು ಬಾಗಿಸಿ, ಕೆಲವೇ ಮೈಕ್ರೋಮೀಟರ್ ತ್ರಿಜ್ಯದ ಒಂದು ಉಂಗುರವನ್ನಾಗಿ ಮಾಡಿ, ಇನ್ನೊಂದು ನೇರವಾದ ಪಟ್ಟಿಯ ಬದಿಯಲ್ಲಿ ಇಟ್ಟರೆ ಒಂದು ಸೋಜಿಗದ ಉಪಕರಣವಾಗುವುದು. ಯಾವ ತರಂಗವು ಉಂಗುರದ ಸುತ್ತಳತೆಯಲ್ಲಿ ಪೂರ್ಣಸಂಖ್ಯೆಯಲ್ಲಿ ಹಿಡಿಸುವುದೋ ಆ ತರಂಗವು ಮಾತ್ರ ಉಂಗುರದಲ್ಲಿ ಸುತ್ತಿ ಸುತ್ತಿ ಬಲಗೊಳ್ಳುವುದು. ಉಳಿದವು ನೇರವಾಗಿ ಮುಂದೆ ಸಾಗುವುವು. ಹೀಗೆ ಅನೇಕ ‘ಬಣ್ಣ’ಗಳ ನಡುವಿನಿಂದ ಬೇಕಾದ ಒಂದನ್ನು ಆರಿಸಿ ತೆಗೆಯಬಹುದು. ಗಾಜಿನ ಎಳೆಯ ಮೂಲಕ ಸುದ್ದಿಯನ್ನು ಕಳುಹಿಸುವಾಗ ಅಕ್ಕಪಕ್ಕದ ಎರಡು ಮಾರ್ಗಗಳ ನಡುವೆ ತರಂಗದ ಉದ್ದದಲ್ಲಿರುವ ವ್ಯತ್ಯಾಸ ಅನೇಕ ವ್ಯವಸ್ಥೆಗಳಲ್ಲಿ ಸುಮಾರು ೦.೮ ನ್ಯಾನೊಮೀಟರ್ ಮಾತ್ರ. ಉಂಗುರದ ಅಳತೆ ಸ್ವಲ್ಪ ತಪ್ಪಿದರೂ ಅದು ನೆರೆಯವನ ಸುದ್ದಿಯನ್ನು ಆರಿಸಿಕೊಳ್ಳುವುದು.

ಇಂಥ ಬಿಲ್ಲೆಯನ್ನು ತಯಾರಿಸಿ ಕೈಗೆ ಪಡೆಯಲು ತಿಂಗಳುಗಳೇ ಹಿಡಿಯುತ್ತವೆ. ತಪ್ಪಾದರೆ ಅದನ್ನು ಅರದಿಂದ ತೀಡಿ ಸರಿಪಡಿಸುವ ಹಾಗಿಲ್ಲ. ಆದುದರಿಂದ ಉಪಕರಣವನ್ನು ಮಾಡುವುದಕ್ಕೆ ಮೊದಲೇ ಅದರೊಳಗೆ ಬೆಳಕು ಹೇಗೆ ನಡೆದುಕೊಳ್ಳುವುದೆಂಬುದನ್ನು ಲೆಕ್ಕದಿಂದ ತಿಳಿಯಬೇಕು. ಆ ಲೆಕ್ಕವನ್ನು ಮಾಡುವ ಒಂದು ಸೊಗಸಾದ ಕ್ರಮವನ್ನು ಈ ಲೇಖನದಲ್ಲಿ ನೋಡೋಣ. ಅಷ್ಟೇ ಅಲ್ಲ, ಅಂಥ ಲೆಕ್ಕದ ಉತ್ತರವನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನೂ ವಿಚಾರಿಸೋಣ. ಎರಡನೆಯದೇ ಹೆಚ್ಚು ಮುಖ್ಯವಾದ ಪಾಠ.

ಮ್ಯಾಕ್ಸ್‌ವೆಲ್ಲನ ನಿಯಮ

ಬೆಳಕು ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರಗಳ ಅಲೆಯೆಂಬುದನ್ನು ೧೮೬೫ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು ವಿವರಿಸಿದನು. ಅಂಥ ಅಲೆಗಳನ್ನು ೧೮೮೭-೮೮ರಲ್ಲಿ ಹೈನ್‌ರಿಖ್ ಹರ್ಟ್ಸನು ಪ್ರಯೋಗಶಾಲೆಯಲ್ಲಿ ಉತ್ಪಾದಿಸಿ ತೋರಿಸಿದನು. ಮ್ಯಾಕ್ಸ್‌ವೆಲ್ಲನ ಸಮೀಕರಣಗಳ ತಿರುಳನ್ನು ಸೂತ್ರಗಳಿಲ್ಲದೆ ಹೀಗೆ ಹೇಳಬಹುದು: ಒಂದು ಸ್ಥಳದಲ್ಲಿ ವಿದ್ಯುತ್ ಕ್ಷೇತ್ರವು ಅಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿದ್ದರೆ ಅಲ್ಲಿನ ಕಾಂತಕ್ಷೇತ್ರವು ಕಾಲಕ್ರಮದಲ್ಲಿ ಬದಲಾಗುವುದು, ಕಾಂತಕ್ಷೇತ್ರವು ಅಕ್ಕಪಕ್ಕದಲ್ಲಿ ಬೇರೆ ಬೇರೆಯಾಗಿದ್ದರೆ ಅಲ್ಲಿನ ವಿದ್ಯುತ್ ಕ್ಷೇತ್ರವು ಬದಲಾಗುವುದು. ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ಹೀಗೆ ಎಬ್ಬಿಸುತ್ತ ಎಬ್ಬಿಸುತ್ತ ಅಲೆ ಮುಂದೆ ಸಾಗುವುದು.

ನಿಯಮ ಸರಳವೇನೋ ಹೌದು. ಅದನ್ನು ಬಿಡಿಸುವುದು ಮಾತ್ರ ಸರಳವಲ್ಲ. ಚಪ್ಪಟೆಯಾದ ಗಾಜಿನ ಹಲಗೆಗೆ ಲೇಖನಿಯಿಂದಲೇ ಪೂರ್ಣವಾದ ಉತ್ತರವನ್ನು ಬರೆಯಬಹುದು. ಗೋಳಾಕಾರದ ಕಣಕ್ಕೆ ೧೯೦೮ರಲ್ಲಿ ಗುಸ್ಟಾವ್ ಮೀ ಎಂಬವನು ಉತ್ತರ ಬರೆದನು. ಉದ್ದವಾದ ದುಂಡು ಕಂಬಿಗೂ ಬರೆಯಬಹುದು. ಇಂಥ ಕೆಲವೇ ಆಕೃತಿಗಳು ಮುಗಿದ ಮೇಲೆ ಲೇಖನಿ ಸುಮ್ಮನಾಗುವುದು. ನೇರ ಪಟ್ಟಿಯ ಪಕ್ಕದಲ್ಲಿರುವ ಉಂಗುರ, ಒಂದು ಮೈಕ್ರೋಮೀಟರಿಗಿಂತಲೂ ಕಿರಿದಾದ ಕ್ಯಾಮೆರಾದ ಸಂವೇದಕದ ಕಣ, ನೂರಾರು ಸೂಕ್ಷ್ಮ ಕಂಬಗಳನ್ನು ಸಾಲಾಗಿ ನಿಲ್ಲಿಸಿ ಮಾಡಿದ ಚಪ್ಪಟೆ ಮಸೂರ ಇವುಗಳಿಗೆ ಸಿದ್ಧವಾದ ಸೂತ್ರಗಳಿಲ್ಲ. ಆಗ ನಾವು ಸೂತ್ರವನ್ನು ಬಿಟ್ಟು ಅಂಕಗಣಿತವನ್ನು ಆಶ್ರಯಿಸಬೇಕಾಗುವುದು.

ಯೀ ಹೂಡಿದ ಉಪಾಯ

೧೯೬೬ರಲ್ಲಿ ಕೇನ್ ಯೀ ಎಂಬ ಗಣಿತಜ್ಞರು ಒಂದು ಸಣ್ಣ ಪ್ರಬಂಧವನ್ನು ಪ್ರಕಟಿಸಿದರು. ಅವಕಾಶವನ್ನು ಚಿಕ್ಕ ಚಿಕ್ಕ ಮನೆಗಳಾಗಿಯೂ, ಕಾಲವನ್ನು ಚಿಕ್ಕ ಚಿಕ್ಕ ಹೆಜ್ಜೆಗಳಾಗಿಯೂ ಕತ್ತರಿಸುವುದು ಅವರ ಮೊದಲ ಕೆಲಸ. ಇದು ಹೊಸದೇನಲ್ಲ. ಹೊಸತನವಿದ್ದುದು ಅಂಕೆಗಳನ್ನು ಇಡುವ ಸ್ಥಾನದಲ್ಲಿ. ವಿದ್ಯುತ್ ಕ್ಷೇತ್ರವನ್ನೂ ಕಾಂತಕ್ಷೇತ್ರವನ್ನೂ ಒಂದೇ ಸ್ಥಳದಲ್ಲಿ, ಒಂದೇ ಗಳಿಗೆಯಲ್ಲಿ ಅವರು ಬರೆಯಲಿಲ್ಲ. ಒಂದರಿಂದ ಇನ್ನೊಂದನ್ನು ಅರ್ಧ ಮನೆಯಷ್ಟು ಸರಿಸಿ, ಅರ್ಧ ಹೆಜ್ಜೆಯಷ್ಟು ತಡೆದು ಬರೆದರು.

ಒಂದೇ ಒರಳಿನಲ್ಲಿ ಇಬ್ಬರು ಬತ್ತ ಕುಟ್ಟುವುದನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುವುದು. ಒಬ್ಬರ ಒನಕೆ ಮೇಲೆದ್ದಾಗ ಇನ್ನೊಬ್ಬರ ಒನಕೆ ಕೆಳಗಿಳಿಯುವುದು. ಎರಡೂ ಒಟ್ಟಿಗೆ ಇಳಿದರೆ ತಾಕಲಾಟ. ಸರದಿಯಂತೆ ಇಳಿದರೆ ಕೆಲಸ ಸಲೀಸು. ಯೀ ಅವರ ಕ್ರಮದಲ್ಲಿಯೂ ಹಾಗೆಯೇ. ಮೊದಲು ಎಲ್ಲ ಕಾಂತದ ಅಂಕೆಗಳನ್ನು ಹೊಸದಾಗಿ ಬರೆಯುವುದು, ಅನಂತರ ಅವುಗಳ ಸಹಾಯದಿಂದ ಎಲ್ಲ ವಿದ್ಯುತ್ತಿನ ಅಂಕೆಗಳನ್ನು ಬರೆಯುವುದು, ಮತ್ತೆ ಕಾಂತ, ಮತ್ತೆ ವಿದ್ಯುತ್.

ಈ ಪ್ರಬಂಧವು ಮೊದಲ ಕೆಲವು ವರ್ಷ ಹೆಚ್ಚಿನ ಗಮನವನ್ನು ಸೆಳೆಯಲಿಲ್ಲ. ೧೯೭೫ರಲ್ಲಿ ಆಲೆನ್ ಟಾಫ್ಲೋವ್ ಮತ್ತು ಮೋರಿಸ್ ಬ್ರಾಡ್ವಿನ್ ಎಂಬವರು ಸೂಕ್ಷ್ಮತರಂಗಗಳು ಮನುಷ್ಯನ ಕಣ್ಣನ್ನು ಹೊಕ್ಕಾಗ ಏನಾಗುವುದೆಂಬುದನ್ನು ಇದೇ ಕ್ರಮದಿಂದ ಲೆಕ್ಕ ಹಾಕಿದರು. ಈಗ ಬಳಕೆಯಲ್ಲಿರುವ ಇದರ ಹೆಸರನ್ನು ೧೯೮೦ರಲ್ಲಿ ಕೊಟ್ಟವರೂ ಟಾಫ್ಲೋವ್ ಅವರೇ. ಕನ್ನಡದಲ್ಲಿ ಇದನ್ನು ‘ಕಾಲಾನುಸಾರಿ ಪರಿಮಿತ ವ್ಯತ್ಯಾಸ ವಿಧಾನ’ವೆನ್ನಬಹುದು. ಹೆಸರು ಉದ್ದವಾದರೂ ಕೆಲಸ ಕೂಡುವುದು, ಕಳೆಯುವುದು ಮತ್ತು ಗುಣಿಸುವುದು ಇಷ್ಟೇ. ಇದನ್ನು ಕಾಗದದ ಮೇಲೆ ಮಾಡಿಯೇ ನೋಡೋಣ.

ಐದು ಮನೆಗಳ ಪ್ರಪಂಚ

ಒಂದೇ ಸಾಲಿನಲ್ಲಿ ೧ರಿಂದ ೫ರವರೆಗೆ ಐದು ಮನೆಗಳನ್ನು ಬರೆಯೋಣ. ಪ್ರತಿಯೊಂದು ಮನೆಯೊಳಗೆ ವಿದ್ಯುತ್ ಕ್ಷೇತ್ರದ ಅಂಕೆಯಿರಲಿ. ಎರಡು ಮನೆಗಳ ನಡುವಣ ಗೋಡೆಯ ಮೇಲೆ ಕಾಂತಕ್ಷೇತ್ರದ ಅಂಕೆಯಿರಲಿ. ಎರಡು ಕ್ಷೇತ್ರಗಳ ಮಾನವನ್ನೂ ಸರಿಹೊಂದಿಸಿ, ಬಯಲಿನಲ್ಲಿ ಹರಿಯುವ ಅಲೆಯಲ್ಲಿ ಎರಡರ ಬೆಲೆಯೂ ಒಂದೇ ಆಗುವಂತೆ ಮಾಡಿಕೊಂಡಿದ್ದೇವೆಂದು ತಿಳಿಯಬೇಕು. ಆಗ ನಿಯಮಗಳು ಎರಡೇ:

ಒಂದನೆಯ ನಿಯಮ: ಗೋಡೆಯ ಹೊಸ ಅಂಕೆ = ಅದರ ಹಳೆಯ ಅಂಕೆ + ಪ್ರಮಾಣ × (ಎಡಮನೆಯ ಅಂಕೆ − ಬಲಮನೆಯ ಅಂಕೆ).

ಎರಡನೆಯ ನಿಯಮ: ಮನೆಯ ಹೊಸ ಅಂಕೆ = ಅದರ ಹಳೆಯ ಅಂಕೆ + ಪ್ರಮಾಣ × (ಎಡಗೋಡೆಯ ಅಂಕೆ − ಬಲಗೋಡೆಯ ಅಂಕೆ).

ಇಲ್ಲಿ ‘ಪ್ರಮಾಣ’ವೆಂದರೆ ಕಾಲದ ಒಂದು ಹೆಜ್ಜೆಯಲ್ಲಿ ಬೆಳಕು ಎಷ್ಟು ಮನೆಗಳಷ್ಟು ದೂರ ಹೋಗುವುದೆಂಬ ಸಂಖ್ಯೆ. ಪ್ರಮಾಣ ೧ ಎಂದರೆ ಹೆಜ್ಜೆಗೊಂದು ಮನೆ. ಇದನ್ನು ಆರಿಸುವ ಸ್ವಾತಂತ್ರ್ಯ ಲೆಕ್ಕ ಮಾಡುವವನದು. ಆ ಸ್ವಾತಂತ್ರ್ಯದ ಬೆಲೆಯನ್ನು ಈಗ ನೋಡೋಣ.

ಮೊದಲು ೩ನೆಯ ಮನೆಯಲ್ಲಿ ೧ ಎಂದೂ, ಅದರ ಎಡಗೋಡೆಯ ಮೇಲೆ ೧ ಎಂದೂ ಬರೆದು, ಉಳಿದೆಲ್ಲ ಕಡೆ ಸೊನ್ನೆಯನ್ನಿಡೋಣ. ಇದು ಬಲಗಡೆಗೆ ಹೊರಟ ಬೆಳಕಿನ ಒಂದು ತುಣುಕು. ಪ್ರಮಾಣವು ೧ ಆಗಿರಲಿ. ಒಂದನೆಯ ನಿಯಮದಂತೆ ೩ರ ಎಡಗೋಡೆ ೧ + (೦ − ೧) = ೦ ಆಗುವುದು; ಬಲಗೋಡೆ ೦ + (೧ − ೦) = ೧ ಆಗುವುದು. ಈಗ ಎರಡನೆಯ ನಿಯಮದಂತೆ ೩ನೆಯ ಮನೆ ೧ + (೦ − ೧) = ೦; ೪ನೆಯ ಮನೆ ೦ + (೧ − ೦) = ೧. ತುಣುಕು ಒಂದು ಮನೆ ಮುಂದಕ್ಕೆ ಹೋಯಿತು! ಮನೆಗಳ ಅಂಕೆಗಳನ್ನು ಸಾಲಾಗಿ ಬರೆದರೆ:

ಆರಂಭ: ೦, ೦, ೧, ೦, ೦
ಒಂದನೆಯ ಹೆಜ್ಜೆ: ೦, ೦, ೦, ೧, ೦
ಎರಡನೆಯ ಹೆಜ್ಜೆ: ೦, ೦, ೦, ೦, ೧

ಬೆಳಕನ್ನು ನಾವು ತಳ್ಳಲಿಲ್ಲ. ‘ಬಲಕ್ಕೆ ಹೋಗು’ ಎಂದು ನಿಯಮದಲ್ಲೆಲ್ಲಿಯೂ ಬರೆದಿಲ್ಲ. ಅಕ್ಕಪಕ್ಕದ ವ್ಯತ್ಯಾಸಗಳಿಂದಲೇ ಅದು ತಾನಾಗಿ ನಡೆಯಿತು. ಮ್ಯಾಕ್ಸ್‌ವೆಲ್ಲನ ನಿಯಮದ ಜೀವಾಳವೇ ಇದು.

ಈಗ ಕಾಲದ ಹೆಜ್ಜೆಯನ್ನು ದೊಡ್ಡದು ಮಾಡಿ, ಬೇಗ ಕೆಲಸ ಮುಗಿಸೋಣವೆಂದು ಪ್ರಮಾಣವನ್ನು ೨ ಎಂದು ಇಟ್ಟುಕೊಳ್ಳೋಣ. ಆರಂಭವು ಮೊದಲಿನಂತೆಯೇ ಇರಲಿ.

ಆರಂಭ: ೦, ೦, ೧, ೦, ೦
ಒಂದನೆಯ ಹೆಜ್ಜೆ: ೦, ೨, −೫, ೪, ೦
ಎರಡನೆಯ ಹೆಜ್ಜೆ: ೮, −೩೨, ೫೩, −೪೪, ೧೬

ಎರಡೇ ಹೆಜ್ಜೆಗಳಲ್ಲಿ ೧ ಇದ್ದುದು ೫೩ ಆಯಿತು. ಇನ್ನು ಹತ್ತು ಹೆಜ್ಜೆ ಹೋದರೆ ಅಂಕೆಗಳನ್ನು ಬರೆಯಲು ಕಾಗದದ ಅಗಲವೇ ಸಾಲದು. ಕಾರಣ ಸ್ಪಷ್ಟವಾಗಿಯೇ ಇದೆ. ನಮ್ಮ ನಿಯಮವು ಒಂದು ಹೆಜ್ಜೆಯಲ್ಲಿ ಸುದ್ದಿಯನ್ನು ಪಕ್ಕದ ಮನೆಗೆ ಮಾತ್ರ ಮುಟ್ಟಿಸಬಲ್ಲುದು. ನಿಜವಾದ ಬೆಳಕಾದರೋ ಅಷ್ಟರಲ್ಲಿ ಎರಡು ಮನೆಗಳನ್ನು ದಾಟಿರುವುದು. ಬೆಳಕಿನ ವೇಗಕ್ಕೆ ಲೆಕ್ಕದ ವೇಗ ಸಾಲದಾಗಿ ಲೆಕ್ಕ ಹುಚ್ಚೆದ್ದು ಹೋಗುವುದು. ಈ ಮಿತಿಯನ್ನು ಕೂರಾಂಟ್, ಫ್ರೀಡ್ರಿಕ್ಸ್ ಮತ್ತು ಲೂಯಿ ಎಂಬ ಮೂವರು ಗಣಿತಜ್ಞರು ೧೯೨೮ರಲ್ಲಿಯೇ ಕಂಡುಹಿಡಿದಿದ್ದರು. ಒಂದೇ ಸಾಲಿನ ಲೆಕ್ಕದಲ್ಲಿ ಪ್ರಮಾಣವು ೧ನ್ನು ಮೀರಬಾರದು. ಉದ್ದ, ಅಗಲ, ಎತ್ತರ ಮೂರೂ ಇರುವ ಘನಾಕಾರದ ಮನೆಗಳಲ್ಲಿ ಅದು ೧ನ್ನು ೩ರ ವರ್ಗಮೂಲದಿಂದ ಭಾಗಿಸಿದಷ್ಟನ್ನು, ಅಂದರೆ ಸುಮಾರು ೦.೫೭೭ನ್ನು ಮೀರಬಾರದು.

ಹಾಗಾದರೆ ಒಂದೇ ಸಾಲಿನ ಲೆಕ್ಕದಲ್ಲಿ ಯಾವಾಗಲೂ ಪ್ರಮಾಣವನ್ನು ೧ ಎಂದೇ ಇಟ್ಟರಾಯಿತಲ್ಲವೆ? ಸಾಲಿನ ನಡುವೆ ಗಾಜಿನ ತುಂಡೊಂದು ಬಂದರೆ ಅದರೊಳಗೆ ಬೆಳಕು ನಿಧಾನವಾಗುವುದರಿಂದ ಅಲ್ಲಿಯ ಪ್ರಮಾಣ ತಾನಾಗಿ ಇಳಿಯುವುದು. ಆದುದರಿಂದ ಪ್ರಮಾಣ ಅರ್ಧವಾದಾಗ ಏನಾಗುವುದೆಂಬುದನ್ನೂ ನೋಡಬೇಕು:

ಆರಂಭ: ೦, ೦, ೧, ೦, ೦
ಒಂದನೆಯ ಹೆಜ್ಜೆ: ೦, −೦.೨೫, ೧, ೦.೨೫, ೦
ಎರಡನೆಯ ಹೆಜ್ಜೆ: −೦.೦೬೨೫, −೦.೧೨೫, ೦.೫, ೦.೬೨೫, ೦.೦೬೨೫

ಎರಡು ಅರ್ಧ ಹೆಜ್ಜೆಗಳಾದ ಮೇಲೆ ತುಣುಕು ೪ನೆಯ ಮನೆಯಲ್ಲಿರಬೇಕಾಗಿತ್ತು. ದೊಡ್ಡ ಅಂಕೆ ಅಲ್ಲಿಯೇ ಇದೆಯೇನೋ ನಿಜ. ಆದರೆ ತುಣುಕು ಅಕ್ಕಪಕ್ಕಕ್ಕೆ ಕದಡಿಹೋಗಿದೆ. ಹಿಂದುಗಡೆ ಋಣಾಂಕಗಳ ಬಾಲವೊಂದು ಹುಟ್ಟಿದೆ. ಇಲ್ಲಿ ಸ್ಫೋಟವಿಲ್ಲ, ಇರುವುದು ಸದ್ದಿಲ್ಲದ ತಪ್ಪು.

ಎಲ್ಲರಿಗೂ ತೇರ್ಗಡೆ ಕೊಡುವ ಪರೀಕ್ಷೆ

ಈಗ ವಾಚಕರು ಒಂದು ಕೆಲಸ ಮಾಡಬೇಕು. ಮೇಲಿನ ಮೂರು ಲೆಕ್ಕಗಳಲ್ಲಿ ಪ್ರತಿಯೊಂದು ಸಾಲಿನ ಐದು ಅಂಕೆಗಳನ್ನೂ ಕೂಡಿ ನೋಡಬೇಕು. ಸರಿಯಾದ ಲೆಕ್ಕದಲ್ಲಿ ಮೊತ್ತ ೧. ಕದಡಿದ ಲೆಕ್ಕದಲ್ಲಿಯೂ ಮೊತ್ತ ೧. ಹುಚ್ಚೆದ್ದ ಲೆಕ್ಕದಲ್ಲಿ? ೮ − ೩೨ + ೫೩ − ೪೪ + ೧೬; ಅದೂ ೧!

ಇದು ಕೇವಲ ಆಕಸ್ಮಿಕವಲ್ಲ. ಎರಡನೆಯ ನಿಯಮದಲ್ಲಿ ಒಂದು ಗೋಡೆಯ ಅಂಕೆಯನ್ನು ಒಂದು ಮನೆಯಿಂದ ಕಳೆದಾಗ ಅದನ್ನೇ ಪಕ್ಕದ ಮನೆಗೆ ಕೂಡುತ್ತೇವೆ. ಆದುದರಿಂದ ಮೊತ್ತವು ಬದಲಾಗುವ ಹಾಗೆಯೇ ಇಲ್ಲ. ಮೊತ್ತ ಸರಿಬಂದಿತೆಂದು ಸಮಾಧಾನಪಟ್ಟವನು ಮೂರು ಲೆಕ್ಕಗಳಿಗೂ ಒಂದೇ ಅಂಕವನ್ನು ಕೊಟ್ಟಂತಾಗುವುದು. ತಪ್ಪಾದಾಗ ತಪ್ಪೆಂದು ಹೇಳಲಾರದ ಪರೀಕ್ಷೆ ಪರೀಕ್ಷೆಯೇ ಅಲ್ಲ. ದೊಡ್ಡ ಗಣಕಯಂತ್ರಗಳಲ್ಲಿ ಕೋಟಿಗಟ್ಟಲೆ ಮನೆಗಳ ಲೆಕ್ಕವನ್ನು ಮಾಡಿ ಬಣ್ಣಬಣ್ಣದ ಚಿತ್ರವನ್ನು ಪಡೆಯುವವರೂ ಈ ಐದು ಮನೆಗಳ ಪಾಠವನ್ನು ಮರೆಯುವಂತಿಲ್ಲ.

ಸದ್ದಿಲ್ಲದ ತಪ್ಪನ್ನು ಹಿಡಿಯುವುದು

ಒಂದೇ ಮನೆಯಲ್ಲಿ ಕುಳಿತ ಚೂಪಾದ ತುಣುಕು ಲೆಕ್ಕಕ್ಕೆ ಅತ್ಯಂತ ಕಷ್ಟದ ಆರಂಭ. ಅಲೆಯೊಂದು ಅನೇಕ ಮನೆಗಳ ಮೇಲೆ ನಯವಾಗಿ ಹರಡಿಕೊಂಡಿದ್ದರೆ ತಪ್ಪು ಕಡಮೆಯಾಗುವುದು. ಎಷ್ಟು ಕಡಮೆಯಾಗುವುದೆಂಬುದನ್ನು ಒಂದು ಉದಾಹರಣೆಯಿಂದ ಅಳೆಯೋಣ.

ಎದುರುಬದುರಾಗಿ ನಿಂತ ಎರಡು ಕನ್ನಡಿಗಳ ನಡುವಣ ಬಯಲಿನಲ್ಲಿ ಬೆಳಕು ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿರಲಿ. ಅವುಗಳ ಅಂತರವನ್ನು ೧೫೫೦ ನ್ಯಾನೊಮೀಟರ್ ಉದ್ದದ ತರಂಗವು ಸರಿಯಾಗಿ ಹಿಡಿಸುವಂತೆ ಇಟ್ಟಿದ್ದೇವೆ. ಅಂದರೆ ನಿಜವಾದ ಉತ್ತರ ೧೫೫೦ ಎಂಬುದು ನಮಗೆ ಮೊದಲೇ ಗೊತ್ತು. ಪ್ರಮಾಣವನ್ನು ಅರ್ಧವೆಂದು ಇಟ್ಟು ಲೆಕ್ಕದ ಪ್ರಪಂಚದಲ್ಲಿ ಇದನ್ನು ನಡೆಸಿದರೆ ಬರುವ ಉತ್ತರಗಳು ಹೀಗಿವೆ:

ತರಂಗಕ್ಕೆ ೧೦ ಮನೆಗಳಾದರೆ: ೧೫೬೯.೫ ನ್ಯಾನೊಮೀಟರ್
ತರಂಗಕ್ಕೆ ೨೦ ಮನೆಗಳಾದರೆ: ೧೫೫೪.೮ ನ್ಯಾನೊಮೀಟರ್
ತರಂಗಕ್ಕೆ ೪೦ ಮನೆಗಳಾದರೆ: ೧೫೫೧.೨ ನ್ಯಾನೊಮೀಟರ್

ತರಂಗಕ್ಕೆ ಹತ್ತು ಮನೆಗಳೆಂದರೆ ಕಣ್ಣಿಗೆ ಅಲೆಯ ಚಿತ್ರ ಬಹಳ ಚೆನ್ನಾಗಿಯೇ ಕಾಣುವುದು. ಆದರೂ ತಪ್ಪು ಹತ್ತೊಂಬತ್ತು ನ್ಯಾನೊಮೀಟರಿಗೂ ಹೆಚ್ಚು. ಸುದ್ದಿಯ ಮಾರ್ಗಗಳ ನಡುವಣ ಅಂತರ ೦.೮ ನ್ಯಾನೊಮೀಟರ್ ಎಂದು ಮೊದಲೇ ಹೇಳಿದೆವು. ಈ ಲೆಕ್ಕವನ್ನು ನಂಬಿ ಉಪಕರಣವನ್ನು ಮಾಡಿದರೆ ಇಪ್ಪತ್ತಕ್ಕೂ ಹೆಚ್ಚು ಮಾರ್ಗಗಳಾಚೆ ಹೋಗಿ ಬೀಳುತ್ತೇವೆ! ನಲವತ್ತು ಮನೆಗಳಿದ್ದರೂ ಒಂದು ಮಾರ್ಗದಷ್ಟು ತಪ್ಪು ಉಳಿದೇ ಇರುವುದು. ಜಾಲದ ಮನೆಗಳಲ್ಲಿ ನಡೆಯುವ ಬೆಳಕು ನಿಜವಾದ ಬೆಳಕಿಗಿಂತ ತುಸು ನಿಧಾನವಾಗಿ ನಡೆಯುವುದೇ ಇದಕ್ಕೆ ಕಾರಣ.

ಆದರೆ ಇದೇ ಪಟ್ಟಿಯಲ್ಲಿ ತಪ್ಪಿನಿಂದ ಪಾರಾಗುವ ದಾರಿಯೂ ಇದೆ. ತಪ್ಪುಗಳನ್ನು ನೋಡಿರಿ: ೧೯.೫, ೪.೮, ೧.೨. ಮನೆಯ ಅಗಲವನ್ನು ಅರ್ಧ ಮಾಡಿದಾಗಲೆಲ್ಲ ತಪ್ಪು ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತಿದೆ. ಈ ಕ್ರಮ ತಿಳಿದ ಮೇಲೆ ನಿಜವಾದ ಉತ್ತರ ಗೊತ್ತಿಲ್ಲದಿದ್ದರೂ ಅದನ್ನು ಊಹಿಸಬಹುದು. ಕಡೆಯ ಎರಡು ಉತ್ತರಗಳ ವ್ಯತ್ಯಾಸ ೩.೬, ಅದರ ಮೂರನೆಯ ಒಂದು ಪಾಲು ೧.೨. ಅದನ್ನು ೧೫೫೧.೨ರಿಂದ ಕಳೆದರೆ ೧೫೫೦.೦ ದೊರೆಯುವುದು. ಹವೆಯ ಮುನ್ಸೂಚನೆಯನ್ನು ಅಂಕಗಣಿತದಿಂದ ಮಾಡಲು ಮೊದಲಿಗೆ ಯತ್ನಿಸಿದ ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ಇಂಗ್ಲಿಷ್ ವಿಜ್ಞಾನಿ ೧೯೧೧ರಲ್ಲಿ ಈ ಉಪಾಯವನ್ನು ಪ್ರಚಾರಕ್ಕೆ ತಂದನು. ಒಂದೇ ಲೆಕ್ಕದ ಉತ್ತರ ಬರಿಯ ಹೇಳಿಕೆ. ಮನೆಗಳನ್ನು ಕಿರಿದು ಮಾಡುತ್ತ ಮಾಡಿದ ಮೂರು ಲೆಕ್ಕಗಳ ಉತ್ತರಗಳು ಕ್ರಮವಾಗಿ ಒಂದೇ ಕಡೆಗೆ ಸಾಗಿದರೆ ಅದು ಸಾಕ್ಷಿ.

ಪ್ರಪಂಚದ ಅಂಚು

ಇನ್ನೊಂದು ತೊಡಕು ಉಂಟು. ನಿಜವಾದ ಉಪಕರಣದಿಂದ ಚೆದರಿದ ಬೆಳಕು ದೂರ ಹೊರಟುಹೋಗುವುದು. ಗಣಕಯಂತ್ರದ ಪ್ರಪಂಚಕ್ಕಾದರೋ ಅಂಚಿರುವುದು. ಕಡೆಯ ಮನೆಯಾಚೆ ಏನೂ ಇಲ್ಲವೆಂದು ಸೊನ್ನೆಯನ್ನಿಟ್ಟರೆ ಆ ಅಂಚು ಕನ್ನಡಿಯಂತಾಗಿ ಬೆಳಕನ್ನು ಹಿಂದಕ್ಕಟ್ಟುವುದು. ಆಗ ಉಪಕರಣದ ಬೆಳಕಿನೊಡನೆ ಅಂಚಿನಿಂದ ಮರಳಿದ ಹುಸಿಬೆಳಕೂ ಬೆರೆತು ಚಿತ್ರವನ್ನು ಕೆಡಿಸುವುದು.

ಅಂಚಿನಲ್ಲಿ ಬೆಳಕನ್ನು ಹೀರುವ ವಸ್ತುವನ್ನು ಇಟ್ಟರೆ ಸಾಲದೆ? ಅಷ್ಟೇ ಸಾಲದು. ಗಾಳಿಯಿಂದ ಗಾಜಿಗೆ ಹೋಗುವ ಬೆಳಕಿನ ಸ್ವಲ್ಪ ಪಾಲು ಗಾಜಿನ ಮೇಲ್ಮೈಯಿಂದಲೇ ಹಿಂದಿರುಗುವ ಹಾಗೆ, ಹೀರುವ ವಸ್ತುವಿನ ಮೇಲ್ಮೈಯೂ ಸ್ವಲ್ಪ ಬೆಳಕನ್ನು ಹಿಂದಿರುಗಿಸುವುದು. ೧೯೯೪ರಲ್ಲಿ ಝಾನ್-ಪಿಯರ್ ಬೆರೆಂಝೆ ಎಂಬ ಫ್ರೆಂಚ್ ವಿಜ್ಞಾನಿ ಈ ತೊಡಕನ್ನು ಬಿಡಿಸಿದರು. ಯಾವ ಕೋನದಿಂದ, ಯಾವ ತರಂಗ ಬಂದರೂ ಮೇಲ್ಮೈಯಲ್ಲಿ ಪ್ರತಿಫಲನವಾಗದಂತೆ, ಆದರೆ ಒಳಹೊಕ್ಕ ಮೇಲೆ ಕ್ರಮೇಣ ಕುಗ್ಗುವಂತೆ ಒಂದು ಕಲ್ಪಿತ ಪದರವನ್ನು ಅವರು ಸಮೀಕರಣಗಳಲ್ಲಿಯೇ ಕಟ್ಟಿದರು. ಮನೆಗಳಾಗಿ ಕತ್ತರಿಸಿದಾಗ ಈ ಪದರವೂ ಅತ್ಯಲ್ಪ ಬೆಳಕನ್ನು ಹಿಂದಿರುಗಿಸುವುದು. ಆದರೆ ಪದರವನ್ನು ದಪ್ಪ ಮಾಡಿ ಅದನ್ನು ಬೇಕಾದಷ್ಟು ತಗ್ಗಿಸಬಹುದು.

ಲೆಕ್ಕದ ಖರ್ಚು

ಮನೆಗಳನ್ನು ಬೇಕಾದಷ್ಟು ಕಿರಿದು ಮಾಡಿದರೆ ಎಲ್ಲ ತಪ್ಪೂ ಹೋಗುವುದಲ್ಲವೆಂದು ಕೇಳಬಹುದು. ಹತ್ತು ಮೈಕ್ರೋಮೀಟರ್ ಉದ್ದ, ಹತ್ತು ಮೈಕ್ರೋಮೀಟರ್ ಅಗಲ, ಮೂರು ಮೈಕ್ರೋಮೀಟರ್ ಎತ್ತರದ ಒಂದು ಚಿಕ್ಕ ಪೆಟ್ಟಿಗೆಯನ್ನು ೨೦ ನ್ಯಾನೊಮೀಟರಿನ ಮನೆಗಳಾಗಿ ಕತ್ತರಿಸೋಣ. ೫೦೦ × ೫೦೦ × ೧೫೦, ಅಂದರೆ ೩ ಕೋಟಿ ೭೫ ಲಕ್ಷ ಮನೆಗಳಾಗುವುವು. ವಿದ್ಯುತ್ತಿಗೆ ಮೂರು, ಕಾಂತಕ್ಕೆ ಮೂರು ದಿಕ್ಕುಗಳಂತೆ ಪ್ರತಿ ಮನೆಗೆ ಆರು ಅಂಕೆಗಳು. ಒಟ್ಟು ೨೨ ಕೋಟಿ ೫೦ ಲಕ್ಷ ಅಂಕೆಗಳು. ಕಾಲದ ಹೆಜ್ಜೆ ಸೆಕೆಂಡಿನ ನೂರು ಕೋಟಿ ಕೋಟಿಯ ಒಂದು ಪಾಲಿನಲ್ಲಿ ಅರ್ಧಕ್ಕಿಂತಲೂ ಸಣ್ಣದಾಗಿರಬೇಕು. ಸಿಲಿಕಾನ್ ಪಟ್ಟಿಯೊಳಗಿನ ಬೆಳಕು ಪೆಟ್ಟಿಗೆಯನ್ನು ಒಂದು ಬಾರಿ ದಾಟಲು ಸುಮಾರು ೩೫೦೦ ಹೆಜ್ಜೆಗಳು ಬೇಕು. ಅಂದರೆ ಅಂಕೆಗಳನ್ನು ಬರೆದು ಅಳಿಸಿ ಮತ್ತೆ ಬರೆಯುವ ಕೆಲಸ ಸುಮಾರು ೭೯ ಸಾವಿರ ಕೋಟಿ ಬಾರಿ! ಉಂಗುರದಲ್ಲಿ ಬೆಳಕು ನೂರಾರು ಸುತ್ತು ತಿರುಗುವುದಾದರೆ ಕೆಲಸವೂ ಅದಕ್ಕೆ ತಕ್ಕಂತೆ ಹೆಚ್ಚುವುದು.

ಈಗ ಮನೆಯ ಅಗಲವನ್ನು ಅರ್ಧ ಮಾಡೋಣ. ಮೂರು ದಿಕ್ಕುಗಳಲ್ಲಿಯೂ ಮನೆಗಳು ಇಮ್ಮಡಿಸಿ ಒಟ್ಟು ಎಂಟರಷ್ಟಾಗುವುವು. ಮನೆ ಕಿರಿದಾದರೆ ಹೆಜ್ಜೆಯೂ ಕಿರಿದಾಗಬೇಕೆಂಬ ೧೯೨೮ರ ಕಟ್ಟಳೆಯಿಂದ ಹೆಜ್ಜೆಗಳೂ ಇಮ್ಮಡಿಸುವುವು. ಒಟ್ಟು ಕೆಲಸ ಹದಿನಾರರಷ್ಟು! ಆದುದರಿಂದ ಎಷ್ಟು ಕಿರಿದು ಸಾಕು ಎಂಬುದನ್ನು ಅರಿಯುವುದೇ ಈ ವಿದ್ಯೆಯಲ್ಲಿ ಪ್ರಾವೀಣ್ಯ. ಕೆಲವು ಉಪಕರಣಗಳಿಗೆ ಬೇರೆ ವಿಧಾನಗಳು ಹೆಚ್ಚು ಅಗ್ಗವಾಗಿರುವುದೂ ಉಂಟು. ಅವಕಾಶವನ್ನು ತ್ರಿಕೋನಗಳ ಜಾಲವಾಗಿ ಹೆಣೆಯುವ ಕ್ರಮವು ಬಾಗಿದ ಅಂಚುಗಳಿಗೆ ಚೆನ್ನಾಗಿ ಒಪ್ಪುವುದು. ಏಕೆಂದರೆ ಚೌಕದ ಮನೆಗಳಲ್ಲಿ ಬರೆದ ಉಂಗುರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಒಡೆದು, ನಿಜವಾದ ಉಂಗುರದಲ್ಲಿಲ್ಲದ ಒರಟುತನ ಲೆಕ್ಕದ ಉಂಗುರಕ್ಕೆ ಅಂಟಿಕೊಳ್ಳುವುದು.

ನಂಬುವುದಕ್ಕೆ ಮೊದಲು

ಮೇಲಿನ ವಿಚಾರಗಳನ್ನು ಒಟ್ಟುಗೂಡಿಸಿದರೆ, ಲೆಕ್ಕದ ಬೆಳಕನ್ನು ನಂಬುವುದಕ್ಕೆ ಮೊದಲು ಕೇಳಬೇಕಾದ ನಾಲ್ಕು ಪ್ರಶ್ನೆಗಳು ದೊರೆಯುವುವು.

ಮೊದಲನೆಯದಾಗಿ, ಉತ್ತರ ಗೊತ್ತಿರುವ ಪ್ರಶ್ನೆಗೆ ಈ ಲೆಕ್ಕ ಸರಿಯಾದ ಉತ್ತರ ಕೊಡುವುದೆ? ೧.೫ ವಕ್ರೀಭವನಾಂಕದ ಗಾಜಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಹಿಂದಿರುಗಬೇಕು. ಇದನ್ನು ಹೇಳಲಾರದ ಲೆಕ್ಕ ಉಂಗುರದ ವಿಷಯವಾಗಿ ಹೇಳುವುದನ್ನು ಕೇಳಬೇಕಾಗಿಲ್ಲ. ಎರಡನೆಯದಾಗಿ, ಮನೆಗಳನ್ನು ಅರ್ಧ ಮಾಡಿದರೆ ಉತ್ತರ ಎಷ್ಟು ಬದಲಾಗುವುದು? ಮೂರನೆಯದಾಗಿ, ಅಂಚುಗಳನ್ನು ದೂರ ಸರಿಸಿದರೆ ಉತ್ತರ ಬದಲಾಗುವುದೆ? ಬದಲಾದರೆ ನಾವು ನೋಡುತ್ತಿರುವುದು ಅಂಚಿನ ಆಟವೇ ಹೊರತು ಉಪಕರಣದ್ದಲ್ಲ. ನಾಲ್ಕನೆಯದಾಗಿ, ಲೆಕ್ಕಕ್ಕೆ ಕೊಟ್ಟ ಸಿಲಿಕಾನ್, ಗಾಜು, ಲೋಹಗ��ು ನಿಜವಾದವುಗಳಂತೆ ಇವೆಯೆ? ಚಿನ್ನ, ಬೆಳ್ಳಿಗಳಂಥ ಲೋಹಗಳು ಒಂದೊಂದು ತರಂಗದ ಬೆಳಕಿಗೆ ಒಂದೊಂದು ಬಗೆಯಾಗಿ ಸ್ಪಂದಿಸುತ್ತವೆ. ಒಂದೇ ಸಂಖ್ಯೆಯಿಂದ ಅವನ್ನು ವರ್ಣಿಸಿದರೆ ಲೆಕ್ಕದಲ್ಲಿ ದೋಷವಿಲ್ಲದಿದ್ದರೂ ಉತ್ತರ ತಪ್ಪಾಗುವುದು.

ಈ ನಾಲ್ಕೂ ಮುಗಿದ ಮೇಲೆ ಕಡೆಯ ನ್ಯಾಯಾಧೀಶ ಪ್ರಯೋಗವೇ. ಗಣಕಯಂತ್ರವು ಮ್ಯಾಕ್ಸ್‌ವೆಲ್ಲನ ನಿಯಮಗಳನ್ನಷ್ಟೇ ಬಲ್ಲುದು. ಕಾರ್ಖಾನೆಯಲ್ಲಿ ಪಟ್ಟಿಯ ಅಗಲ ಎರಡು ನ್ಯಾನೊಮೀಟರ್ ಹೆಚ್ಚು ಕಡಮೆಯಾದುದನ್ನು ಅದು ಬಲ್ಲುದಲ್ಲ.

ಹಿಂದೆ ಇಂಥ ಲೆಕ್ಕಗಳು ದೊಡ್ಡ ದೊಡ್ಡ ಸಂಸ್ಥೆಗಳ ಸೊತ್ತಾಗಿದ್ದುವು. ಇಂದು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಬೆಳೆದ ‘ಮೀಪ್’ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು, ಸಾಮಾನ್ಯವಾದ ಗಣಕಯಂತ್ರದಲ್ಲಿಯೇ ನಡೆಸಬಹುದು. ಕಾಲೇಜಿನ ವಿದ್ಯಾರ್ಥಿಗಳಿಗೆ ಇದೊಂದು ದೊಡ್ಡ ಅವಕಾಶ. ಆದರೆ ಯಂತ್ರವನ್ನು ಮುಟ್ಟುವುದಕ್ಕೆ ಮೊದಲು ಕಾಗದ ಪೆನ್ಸಿಲುಗಳಿಂದ ಬೆಳಕನ್ನು ನಾಲ್ಕು ಹೆಜ್ಜೆ ನಡೆಸಿದವನಿಗೆ, ಯಂತ್ರದೊಳಗೆ ಏನು ನಡೆಯುತ್ತಿದೆಯೆಂಬ ಅರಿವಿರುವುದು.

ಅದಕ್ಕಾಗಿ ಒಂದು ಅಭ್ಯಾಸವನ್ನು ಕೊಡುತ್ತೇವೆ. ಪ್ರಮಾಣವನ್ನು ೧ ಎಂದಿಟ್ಟು, ೫ನೆಯ ಮನೆಯಲ್ಲಿ ಒಂದು ಲೋಹದ ಕನ್ನಡಿಯಿದೆಯೆಂದು ಭಾವಿಸಿರಿ. ಎಂದರೆ ಆ ಮನೆಯ ಅಂಕೆ ಯಾವಾಗಲೂ ಸೊನ್ನೆಯಾಗಿಯೇ ಇರಬೇಕು. ೩ನೆಯ ಮನೆಯಿಂದ ತುಣುಕನ್ನು ಮೊದಲಿನಂತೆ ಬಲಕ್ಕೆ ಹೊರಡಿಸಿರಿ. ಒಂದನೆಯ ಹೆಜ್ಜೆಯಲ್ಲಿ ಅದು ೪ನೆಯ ಮನೆಗೆ ಬರುವುದು. ಎರಡನೆಯ ಹೆಜ್ಜೆಯಲ್ಲಿ ಐದು ಮನೆಗಳಲ್ಲಿಯೂ ಸೊನ್ನೆ ಬರುವುದು! ಮೂರನೆಯ ಹೆಜ್ಜೆಯಲ್ಲಿ ೪ನೆಯ ಮನೆಯಲ್ಲಿ −೧ ಕಾಣಿಸಿಕೊಂಡು, ನಾಲ್ಕನೆಯ ಹೆಜ್ಜೆಯಲ್ಲಿ ಎಡಕ್ಕೆ ಹೊರಡುವುದು. ಎರಡನೆಯ ಹೆಜ್ಜೆಯಲ್ಲಿ ಬೆಳಕು ಎಲ್ಲಿ ಅಡಗಿತ್ತು? ಮನೆಗಳಲ್ಲಿ ಸಿಗದಿದ್ದರೆ ಗೋಡೆಗಳ ಮೇಲೆ ಹುಡುಕಿರಿ.